ಪ್ಲೇಟಿಗೆ ಲಿವರ್ ಇಲ್ಲ

ಜೂನ್ 3, ಮಂಗಳವಾರ. ಮಧ್ಯಾಹ್ನ 2:30, ಲ್ಯಾಬ್

ಅಮೃತಬಳ್ಳಿ ಸಾರದ ಮೂರನೇ ಬ್ಯಾಚ್. ಕೋಶ ಬೆಳೆಸುವ ಪ್ಲೇಟಿಗೆ ವಿಟಮಿನ್ ಡಿ ಜೊತೆ ಹಾಕಿದಾಗ ರೋಗನಿರೋಧಕ ಕೋಶಗಳು ಚುರುಕು. ಕ್ಯಾನ್ಸರ್ ಕೋಶಗಳು ಅರ್ಧಕ್ಕಿಂತ ಕಡಿಮೆ. ಮೂರನೇ ಸಲವೂ ಹೀಗೇ! ಲ್ಯಾಬ್ ಮುಖ್ಯಸ್ಥರಾದ ಸರ್ ಮಾತ್ರ, "ಇದು ಪ್ಲೇಟು ಶಾಂಭವಿ, ಮನುಷ್ಯರಲ್ಲ" ಅಂದರು. ಗೊತ್ತು. ಆದರೂ ತಡೆಯಲಾಗದೆ ಭದ್ರಾವತಿಗೆ ಫೋನ್ ಮಾಡಿದೆ. ಜಗದಾಂಬಕ್ಕ ಎರಡನೇ ಕೀಮೋ ಮುಗಿಸಿ ಮಲಗಿದ್ದಳು.

"ಅವ್ವ ಕುದಿಸ್ತಿದ್ಲಲ್ಲ, ಅದೇ ಬಳ್ಳಿನಾ?"

"ಅದೇ ಕಣಕ್ಕ."

ಎಷ್ಟೋ ದಿನದ ಮೇಲೆ ಅಕ್ಕನ ನಗು ಕೇಳಿದೆ.

ಜೂನ್ 8, ಭಾನುವಾರ

ಭದ್ರಾವತಿ. ಅಕ್ಕ ಹಟ ಹಿಡಿದು ಹಳೆ ಕ್ವಾರ್ಟರ್ಸಿಗೆ ಆಟೊ ಮಾಡಿಸಿದಳು. ಅಪ್ಪ ಫ್ಯಾಕ್ಟರಿಯಲ್ಲಿದ್ದಾಗ ನಾವಿದ್ದ ಸಾಲು. ಅರ್ಧಕ್ಕರ್ಧ ಮನೆಗಳಿಗೆ ಬೀಗ. ನಮ್ಮ ಹಿತ್ತಲಿನ ಬೇವಿನ ಮರ ಹಾಗೇ ಇದೆ, ಅದಕ್ಕೆ ಹಬ್ಬಿದ ಬಳ್ಳಿಯೂ.

ಎಲ್ಲ ಒಟ್ಟಿಗೆ ನುಗ್ಗಿ ಬಂತು... ಶಿಫ್ಟಿನ ಸೈರನ್. ಅಪ್ಪನ ಸೈಕಲ್ ಬೆಲ್. ನನಗೆ ಜ್ವರ ಬಂದರೆ ಅವ್ವ ಕಷಾಯ ಇಡುವಳು. ಅಕ್ಕ ಮೊದಲು ಒಂದು ಗುಟುಕು ಕುಡಿದು ತೋರಿಸುವಳು. "ಸಿಹಿ ಐತೆ ಕಣೇ" — ಶುದ್ಧ ಸುಳ್ಳು, ಕಣ್ಣಲ್ಲಿ ನೀರು. ಪಕ್ಕದ ಮನೆಯ ಪುಷ್ಪಮ್ಮ, ತಮಿಳಿನವರು, ಕಾಂಪೌಂಡಿನಾಚೆ ಬೆಲ್ಲ ಹಿಡಿದು ಕಾಯುತ್ತಿದ್ದರು.

ಹೊರಡುವಾಗ ಅಕ್ಕ ಒಂದಷ್ಟು ಬಳ್ಳಿ ಮುರಿದು ಚೀಲಕ್ಕೆ ಹಾಕಿಕೊಂಡಳು. ನೆನಪಿಗಿರಲಿ ಅಂತ ಇರಬೇಕು. ಚೀಲವನ್ನು ನಾನೇ ಆಟೊದಲ್ಲಿ ಇಟ್ಟೆ.

ಜೂನ್ 24, ಮಂಗಳವಾರ

ಮೂರನೇ ಕೀಮೋ ಕೊಡಲಿಲ್ಲ. ರಕ್ತದ ರಿಪೋರ್ಟ್ — ಲಿವರ್ ಎನ್ಜೈಮ್ ಇರಬೇಕಾದ್ದಕ್ಕಿಂತ ಐದು ಪಟ್ಟು.

"ಬೇರೆ ಏನಾದ್ರೂ ತಗೋತಿದ್ದೀರಾ ಅಮ್ಮ?" ಡಾಕ್ಟರ್ ಕೇಳಿದರು.

"ಇಲ್ಲ ಸರ್," ಅಂದಳು ಅಕ್ಕ. ಉಜ್ಜನಪ್ಪ ಭಾವ ನೆಲ ನೋಡುತ್ತಿದ್ದರು. ನನಗೆ ಆಗಲೇ ಹೊಳೆಯಿತು.

"ಭಾವ, ನಿಜ ಹೇಳಿ."

"ದಿನಾ ಎರಡು ಲೋಟ ಬಳ್ಳಿ ಕಷಾಯ ಕಣಮ್ಮ. ಜೊತೆಗೆ ಯಾವ್ಯಾವ್ದೋ ವಿಟಮಿನ್ ಮಾತ್ರೆ. ನೀನೇ ಹೇಳಿದ್ದು ಅಂದ್ಲು..."

ಡಾಕ್ಟರಿಗೆ ಎಲ್ಲ ಹೇಳಿದೆ. ನನ್ನ ಕೆಲಸ, ಫೋನು, ಬಳ್ಳಿ. ಬೈಯಲಿಲ್ಲ. ಆ ಬಳ್ಳಿಯಿಂದ ಕೆಲವರ ಲಿವರಿಗೆ ಪೆಟ್ಟಾಗಿದ್ದುಂಟಂತೆ. ಇದೇ ಕಾರಣ ಅಂತ ಈಗಲೇ ಹೇಳಲಾಗದು. ಮೊದಲು ನಿಲ್ಲಿಸಿ ನೋಡೋಣ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಜೂನ್ 25

ಅಕ್ಕನ ಮನೆ. ಉಳಿದಿದ್ದ ಕಷಾಯ ಚೆಲ್ಲಲು ಹೋದೆ. ಕೈ ಹಿಡಿದಳು.

"ನಿನ್ ಪ್ಲೇಟಲ್ಲಿ ಸಾಯೋ ಕ್ಯಾನ್ಸರ್ ನನ್ ಮೈಯಲ್ಲಿ ಯಾಕೆ ಸಾಯಲ್ಲ? ಹೇಳು."

"ಪ್ಲೇಟಿಗೆ ಲಿವರ್ ಇಲ್ಲಕ್ಕ."

ನನ್ನ ಕೈ ಬಿಟ್ಟು, ಪಾತ್ರೆಯ ಮುಚ್ಚಳ ತೆಗೆದು ಮೂಸಿದಳು. ಆಮೇಲೆ —

"ಬರೀ ಔಷಧಿ ಅಂತ ಕುಡೀಲಿಲ್ಲ ಮಾರಾಯ್ತಿ. ಕೀಮೋ ಆದ್ಮೇಲೆ ಅನ್ನ, ಸಾರು, ಎಲ್ಲಾ ಮಣ್ಣು. ಇದರ ಕಹಿ ಒಂದೇ ನಾಲಿಗೆಗೆ ಗೊತ್ತಾಗ್ತಿತ್ತು. ಕುದಿಯೋವಾಗ ಅವ್ವ ಒಳಗೆಲ್ಲೋ ಇದ್ದಂಗೆ ಅನ್ಸೋದು."

ಇಬ್ಬರೂ ಸೇರಿ ಚೆಲ್ಲಿದೆವು. ಅಡುಗೆಮನೆಯ ತುಂಬ ಅದೇ ವಾಸನೆ. ಕಿಟಕಿ ತೆಗೆಯಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಜುಲೈ 14, ಸೋಮವಾರ

ಎನ್ಜೈಮ್ ಇಳಿದಿದೆ. ಇವತ್ತು ಮೂರನೇ ಕೀಮೋ. ಮೂರು ವಾರ ತಡ — ನನ್ನ ಬಾಯಿಯಿಂದ. ಅಕ್ಕನಿಗೆ ಹೇಳಿದರೆ, "ನಾನೇನ್ ಪಾಪುನಾ? ಕುಡಿದೋಳು ನಾನು," ಅನ್ನುತ್ತಾಳೆ.

ಆಗಸ್ಟ್ 21, ಗುರುವಾರ. ಸಂಜೆ 6

ನಾಲ್ಕು ಕೀಮೋ ಆಯಿತು. ಗಡ್ಡೆ ಕುಗ್ಗಿದೆ; ಇನ್ನೆರಡಾದ ಮೇಲೆ ಆಪರೇಷನ್. ಅಕ್ಕ ಈಗ ರಾಗಿಗುಡ್ಡದ ನಮ್ಮ ಮನೆಯಲ್ಲೇ ಇದ್ದಾಳೆ. ಲ್ಯಾಬ್ ನೋಡಬೇಕು ಅಂದಳು. ಸರ್ ಒಪ್ಪಿದರು. ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ.

"ಇವೇನಾ?"

"ಇವೇ. ಸ್ತನ ಕ್ಯಾನ್ಸರ್ ಕೋಶ."

ತುಂಬಾ ಹೊತ್ತು ನೋಡಿದಳು. "ಯಾರ್ದೇ ಇವು?"

"ಯಾವುದೋ ದೇಶದ ಹೆಂಗಸು. ತೀರಿಕೊಂಡು ಐವತ್ತು ವರ್ಷದ ಮೇಲಾಯ್ತು. ಕೋಶ ಮಾತ್ರ ಬೆಳೆಸ್ತಾನೇ ಇದಾರೆ, ಎಲ್ಲಾ ಲ್ಯಾಬಲ್ಲೂ."

"ಹೆಸರೇನು?"

ಗೊತ್ತಿರಲಿಲ್ಲ. ಹನ್ನೊಂದು ವರ್ಷದಿಂದ ದಿನವೂ ಆಕೆಯ ಕೋಶಗಳಿಗೆ ಆಹಾರ ಹಾಕಿದ್ದೇನೆ, ಎಣಿಸಿದ್ದೇನೆ, ಕೊಂದಿದ್ದೇನೆ. ಬರೀ ನಂಬರಿನಲ್ಲಿ ಕರೆದಿದ್ದೇನೆ.

"ಹುಡುಕು," ಅಂದಳು. ಮನೆಗೆ ಬಂದವಳು ಪಕ್ಕದಲ್ಲೇ ಕೂತಿದ್ದಾಳೆ. ಹುಡುಕುತ್ತಿದ್ದೇನೆ. ಹಳೆಯದೊಂದು ಲೇಖನ ತೆರೆಯಿತು... ಇದೆ, ಹೆಸರಿದೆ. ಆಕೆ ಒಬ್ಬ ಸನ್ಯಾಸಿನಿಯಂತೆ; ಹೆಸರನ್ನು ಗಟ್ಟಿಯಾಗಿ ಓದಿದೆ, ಅಕ್ಕ ಅದನ್ನೇ ಇನ್ನೊಮ್ಮೆ ಮೆಲ್ಲಗೆ ಹೇಳಿದಳು.