ತಟ್ಟೆ ತುಂಬಲು ಇನ್ನೂ ಮೂವರು ಬೇಕು

ಚಿಕಿತ್ಸೆಗೆ ಮಂಜೂರಾತಿ ಕೊಡುವ ಕಚೇರಿಯ ಮುಖ್ಯಸ್ಥರಿಗೆ,

ಇಂಥ ಪತ್ರವನ್ನು ಮಾನ್ಯರೇ ಎಂದು ಶುರು ಮಾಡಬೇಕಂತೆ. ಸರಿ, ಮಾನ್ಯರೇ. ನನ್ನ ಸೊಸೆಯ ದೊಡ್ಡ ಕರುಳಿನಿಂದ ಕತ್ತರಿಸಿ ತೆಗೆದ ಒಂದು ಚೂರು ಮೇಣದ ಬಿಲ್ಲೆಯೊಳಗೆ ಕೂತು ನಿಮ್ಮ ಪ್ರಯೋಗಾಲಯದ ಡ್ರಾಯರಿನಲ್ಲಿದೆ. ಅದನ್ನು ಪರೀಕ್ಷೆ ಮಾಡಿದರೆ ಅವಳಿಗೆ ಯಾವ ಔಷಧಿ ಹಿಡಿಯಬಹುದು ಎಂದು ತಿಳಿಯುತ್ತದೆ. ಪರೀಕ್ಷೆಯ ಯಂತ್ರ ಅದೇ ಕೋಣೆಯಲ್ಲಿದೆ. ಯಂತ್ರ ಕೆಟ್ಟಿಲ್ಲ, ನಡೆಸುವವರು ರಜೆ ಹಾಕಿಲ್ಲ, ಕರೆಂಟೂ ಇದೆ. ಆದರೂ ಪರೀಕ್ಷೆ ಆಗಿಲ್ಲ. ಏಕೆಂದರೆ ಯಂತ್ರದೊಳಗೆ ಇಡುವ, ಒಬ್ಬ ರೋಗಿಗೆ ಒಂದು ಗುಳಿಯಂತೆ ಇರುವ ತಟ್ಟೆಯಲ್ಲಿ ಇನ್ನೂ ಮೂರು ಗುಳಿ ಖಾಲಿ ಇವೆ, ತಟ್ಟೆ ತುಂಬದೆ ಯಂತ್ರ ಹಾಕಕೂಡದು ಎಂದು ತಾವು ಸಹಿ ಮಾಡಿದ್ದೀರಿ.

ನಾನು ಊರ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಓದಿದವಳು. ಈ ಪತ್ರದ ಕಾಗುಣಿತವನ್ನು ಮೊಮ್ಮಗಳು ತಿದ್ದಿದ್ದಾಳೆ. ಮಾತನ್ನೂ ಸ್ವಲ್ಪ ಮೆತ್ತಗೆ ಮಾಡುತ್ತೇನೆ ಅಂದಳು, ಅದಕ್ಕೆ ಬಿಡಲಿಲ್ಲ.

ನಮ್ಮದು ಲಾಂಡ್ರಿ ಅಂಗಡಿ. ಮಗ ಮನೆಮನೆಗೆ ಹೋಗಿ ಬಟ್ಟೆ ತರುತ್ತಾನೆ, ನಾನು ಇಸ್ತ್ರಿ ಹಾಕುತ್ತೇನೆ, ಒಗೆಯುವ ಯಂತ್ರ ಮತ್ತು ಜಗಳವಾಡುವ ಗಿರಾಕಿ ಎರಡೂ ಸೊಸೆಯ ಪಾಲು. ಅವಳ ಹೊಟ್ಟೆಯ ಆಪರೇಷನ್ ಆಗಿ ಗಾಯ ಒಣಗುವ ಹೊತ್ತಿಗೆ ಯಕೃತ್ತಿನಲ್ಲೂ ಗಂಟುಗಳಿವೆ ಎಂದು ಹೇಳಿದರು. ಕರುಳಿನ ಕ್ಯಾನ್ಸರಿಗೆ ಎಲ್ಲರಿಗೂ ಕೊಡುವ ಔಷಧಿಯನ್ನೇ ಇವಳಿಗೂ ಏರಿಸಿದರು. ಕೂದಲು ತೆಳ್ಳಗಾಯಿತು, ಬೆರಳ ತುದಿ ಮರಗಟ್ಟಿತು, ಗುಂಡಿ ಹಾಕಿಕೊಳ್ಳಲೂ ಆಗದಂತಾಯಿತು. ಗಂಟುಗಳು ಮಾತ್ರ ತಮ್ಮ ಪಾಡಿಗೆ ತಾವು ಬೆಳೆದವು.

ಆಮೇಲೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹಳೆಯ ವರದಿಯನ್ನು ಮತ್ತೆ ಓದಿ, ನಮ್ಮನ್ನು ಕೂರಿಸಿಕೊಂಡು ಹೇಳಿದರು. ಇವಳದ್ದು ಮಾಮೂಲಿ ಬಗೆಯಲ್ಲ, ಮೆಡುಲರಿ ಎಂಬ ಅಪರೂಪದ ಬಗೆ. ಕರುಳಿನ ಕ್ಯಾನ್ಸರ್ ಬಂದ ನೂರು ಜನರಲ್ಲಿ ಒಬ್ಬರಿಗೂ ಇರುವುದು ಕಷ್ಟ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹಳ ಕೆಟ್ಟದಾಗಿ ಕಾಣುತ್ತದೆ, ಆದರೆ ಕಾಣುವಷ್ಟು ಕೆಟ್ಟದಾಗಿ ಎಷ್ಟೋ ಸಲ ನಡೆದುಕೊಳ್ಳುವುದಿಲ್ಲ. ಮಾಮೂಲಿ ಔಷಧಿಗೆ ಅಷ್ಟಾಗಿ ಬಗ್ಗದು. ಮೈಯ ಕಾವಲು ಶಕ್ತಿಯನ್ನೇ ಎಬ್ಬಿಸಿ ರೋಗದ ಮೇಲೆ ಬಿಡುವ ಬೇರೆ ಔಷಧಿಯಿದೆ, ಈ ಬಗೆಯ ಹಲವರಿಗೆ ಅದು ಹಿಡಿಯುತ್ತದೆ, ಹಿಡಿದವರಲ್ಲಿ ಕೆಲವರು ವರ್ಷಗಟ್ಟಲೆ ಓಡಾಡಿಕೊಂಡಿದ್ದಾರೆ. ಎಲ್ಲರಿಗೂ ಹಿಡಿಯುತ್ತದೆ ಎಂದಲ್ಲ. ಆ ಚೂರನ್ನು ಪರೀಕ್ಷೆ ಮಾಡಿದರೇ ಗೊತ್ತು.

"ಅಂದ್ರೆ ಎಷ್ಟು ದಿನ ಬದುಕ್ತಾಳೆ?" ಎಂದು ಕೇಳಿದೆ. ಬಳಸಿ ಕೇಳುವುದು ನನಗೆ ಬರುವುದಿಲ್ಲ.

"ಅಜ್ಜಿ, ಈ ಬಗೆಯವರು ತುಂಬಾ ಕಮ್ಮಿ. ಇಷ್ಟೇ ಅಂತ ಹೇಳೋಕೆ ಲೆಕ್ಕಾನೇ ಸಾಲದು" ಎಂದರು.

ಸೊಸೆ ನನ್ನ ಕಡೆ ತಿರುಗಿದಳು. "ನೋಡಿದ್ರಾ ಅತ್ತೆ? ಅಂಗಿ ಮಡಚೋದು ಬೇರೆ ಥರ, ಮಾತಾಡೋದು ಬೇರೆ ಥರ, ನಿಂದು ಎಲ್ಲಾನೂ ಬೇರೆ ಅಂತ ಬೈತಿದ್ರಲ್ಲ. ಈಗ ಕಾಯಿಲೆನೂ ಬೇರೆ."

"ಬಾಯಿ ಮಾತ್ರ ಎಲ್ಲರ ಥರಾನೇ ಉದ್ದ" ಎಂದೆ. ಡಾಕ್ಟರಮ್ಮನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ, ಪಾಪ.

ನಿಮ್ಮ ಆಸ್ಪತ್ರೆಯ ಪಡಸಾಲೆಯಲ್ಲಿ ಒಂದು ದೊಡ್ಡ ಚಿತ್ರ ಅಂಟಿಸಿದ್ದಾರೆ. ಯಾವ ಹಂತದಲ್ಲಿ ಬಂದವರು ಐದು ವರ್ಷ ದಾಟುವುದು ಎಷ್ಟು ಜನ ಎಂದು ಬಣ್ಣದ ಕಂಬಗಳಲ್ಲಿ ತೋರಿಸಿದ್ದಾರೆ. ಹಸಿರು ಕಂಬ ಎತ್ತರ, ಕೆಂಪು ಕಂಬ ಗಿಡ್ಡ. ಕೆಂಪಿನಲ್ಲಿರುವವರೂ ಅದರ ಮುಂದೆ ನಿಂತು, ಇಷ್ಟಾದರೂ ಇದೆಯಲ್ಲ ಎಂದು ಬೆರಳಿಟ್ಟು ನೋಡುತ್ತಾರೆ. ನಮ್ಮವಳಿಗೆ ಅಲ್ಲಿ ಗಿಡ್ಡ ಕಂಬವೂ ಇಲ್ಲ. ದೂರುತ್ತಿಲ್ಲ, ಜನ ಕಡಿಮೆ ಇದ್ದರೆ ಕಂಬ ಎಲ್ಲಿಂದ ಬರಬೇಕು? ಆದರೆ ಜನ ಕಡಿಮೆ ಎಂಬ ಕಾರಣಕ್ಕೇ ಬೇರೆ ಪರೀಕ್ಷೆ ಬೇಕು ಎಂದವರೂ ನೀವೇ, ಜನ ಕಡಿಮೆ ಎಂಬ ಕಾರಣಕ್ಕೇ ಆ ಪರೀಕ್ಷೆ ನಿಲ್ಲಿಸಿದವರೂ ನೀವೇ. ಈ ಬುದ್ಧಿ ಯಾರ ಮೇಜಿನ ಮೇಲೆ ಹುಟ್ಟಿತು? ಅಪರೂಪದ ಬಗೆಗಳಿಗೆ ಮಾತ್ರ ಈ ಪರೀಕ್ಷೆ ಎಂದು ಒಂದು ಸಾಲು, ತಟ್ಟೆ ತುಂಬಿದ ಮೇಲೆ ಮಾತ್ರ ಎಂದು ಅದರ ಕೆಳಗೇ ಇನ್ನೊಂದು ಸಾಲು. ಬರೆದವರು ಒಮ್ಮೆಯಾದರೂ ಎರಡನ್ನೂ ಒಟ್ಟಿಗೆ ಓದಿದ್ದಾರೆಯೇ? ಹೊರಗೆ ಮಾಡಿಸಿ ತರುತ್ತೇವೆ ಎಂದರೆ, ಹೊರಗಿನ ವರದಿಗೆ ಔಷಧಿ ಮಂಜೂರು ಮಾಡುವುದಿಲ್ಲ ಎಂಬ ಮೂರನೆಯ ಸಾಲೂ ಸಿದ್ಧವಾಗಿದೆ. ಬಲೆ ಹೆಣೆಯುವವರೂ ಒಂದೆರಡು ಕಣ್ಣು ದೊಡ್ಡದು ಬಿಡುತ್ತಾರೆ.

ನಿಮ್ಮ ಕಚೇರಿಯ ಮೇಲ್ವಿಚಾರಕರನ್ನು ಕಂಡೆ. ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟರು. "ಅಜ್ಜಿ, ಪರೀಕ್ಷೆಗೆ ಹಾಕೋ ರಾಸಾಯನಿಕದ ಪೊಟ್ಟಣ ಒಂದ್ಸಲ ಒಡೆದ್ರೆ ಪೂರ್ತಿ ಬಳಸ್ಬೇಕು. ಮೂರು ಗುಳಿ ಖಾಲಿ ಬಿಟ್ರೆ ಅಷ್ಟೂ ದಂಡ. ನೀವೇ ಹೇಳಿ, ನಿಮ್ಮ ಅಂಗಡೀಲಿ ಒಂದು ಅಂಗಿಗೋಸ್ಕರ ಮೆಷಿನ್ ಹಾಕ್ತೀರಾ?"

"ಹಾಕಲ್ಲ" ಎಂದೆ. ಇದ್ದದ್ದು ಅದೇ. "ಆದ್ರೆ ಅಂಗಿ ಮೂಲೆಯಲ್ಲಿ ಬಿದ್ದಿದ್ರೆ ಬಿದ್ದಿರುತ್ತೆ ಸ್ವಾಮಿ. ಅದಕ್ಕೆ ಯಕೃತ್ತು ಇರಲ್ಲ."

ಅವರು ಕನ್ನಡಕ ಒರೆಸಿಕೊಂಡರು. "ಇನ್ನು ಮೂವರು ಬಂದ್ರೆ ಅವತ್ತೇ ಹಾಕಿಸ್ತೀನಿ, ಮಾತು ಕೊಡ್ತೀನಿ" ಎಂದರು.

ಮಾನ್ಯರೇ, ಆ ಮಾತು ನನ್ನ ತಲೆಯಲ್ಲಿ ಏನು ಮಾಡಿತು ಎಂಬುದನ್ನು ತಾವು ತಿಳಿಯಬೇಕು. ಈ ಪತ್ರ ಬರೆಯುತ್ತಿರುವುದೇ ಅದಕ್ಕೆ. ಅಂದಿನಿಂದ ನಾನು ಪಡಸಾಲೆಯಲ್ಲಿ ಕೂತು ಬರುವವರ ಹೊಟ್ಟೆ ನೋಡುತ್ತಿದ್ದೇನೆ. ಕೈಯಲ್ಲಿ ಎಕ್ಸ್‌ರೇ ಚೀಲ ಹಿಡಿದು, ಸೊಂಟ ಬಗ್ಗಿಸಿ, ಗೋಡೆ ಹಿಡಿದು ಬರುವವರನ್ನು ಕಂಡರೆ ಇವರದ್ದು ಕರುಳೇ ಇರಲಿ, ಆ ಬಗೆಯದ್ದೇ ಇರಲಿ ಎಂದು ಮನಸ್ಸು ತಾನಾಗಿ ಹೇಳುತ್ತದೆ. ವಾರ್ಡಿನಲ್ಲಿ ಸೊಸೆಯ ಪಕ್ಕದ ಹಾಸಿಗೆಗೆ ಒಬ್ಬ ಗಾರೆ ಕೆಲಸದವನು ಬಂದ. ಅವನದ್ದೂ ಕರುಳು. ಚೂರು ಪರೀಕ್ಷೆಗೆ ಹೋಗಿದೆ, ಡಾಕ್ಟರಿಗೆ ಏನೋ ಅನುಮಾನ ಎಂದು ಅವನ ಹೆಂಡತಿ ಹೇಳಿದಾಗ ನಾನು ಅವಳ ಕೈ ಹಿಡಿದು ಸಮಾಧಾನ ಮಾಡಿದೆ. ಹಿಡಿದ ಕೈ ನನ್ನದೇ, ಆದರೆ ಒಳಗೆ ಒಂದು ಗುಳಿ ತುಂಬಿತು ಎಂದು ಎಣಿಸುತ್ತಿದ್ದೆ.

ಅವನ ವರದಿ ಬಂದ ದಿನ ಆ ಹೆಂಗಸು ಓಡಿ ಬಂದಳು. "ಅಮ್ಮಾ, ಮಾಮೂಲಿದೇ ಅಂತೆ! ಬೇಗ ಸಿಕ್ಕಿದೆ, ಕತ್ತರಿಸಿ ತೆಗೆದ್ರೆ ಮುಗೀತಂತೆ!"

ನನ್ನ ಮುಖ ಏನಾಯಿತೋ ನನಗೆ ಕಾಣಲಿಲ್ಲ, ಸೊಸೆಗೆ ಕಂಡಿತು. ದಿಂಬಿನ ಮೇಲಿಂದಲೇ, "ತುಂಬಾ ಒಳ್ಳೇದಾಯ್ತು ತಾಯಿ, ನಮ್ಮತ್ತೆಗೂ ಖುಷಿನೇ, ಅವರ ಮುಖ ಇರೋದೇ ಹಾಗೆ" ಎಂದಳು. ಆ ಹೆಂಗಸು ಹೋದ ಮೇಲೆ ನನ್ನ ಸೆರಗು ಎಳೆದಳು.

"ಅತ್ತೆ, ಎಷ್ಟು ಜನಕ್ಕೆ ಬರ್ಲಿ ಅಂತ ಕಾಯ್ತಿದೀರಿ?"

"ಮೂರೇ."

"ನನಗೋಸ್ಕರ ಮೂರು ಮನೆ ಮುಳುಗಿಸ್ತೀರಾ? ಮದುವೆಯಾಗಿ ಬಂದಾಗ ಒಂದು ಬಳೆ ಕೊಡೋಕೆ ಹಿಂದೆಮುಂದೆ ನೋಡಿದ್ರಿ."

ಅವಳು ಗೋಡೆ ಕಡೆ ಹೊರಳಿದಳು. ಆ ಕಡೆಯಿಂದಲೇ, "ನಾನೂ ಕಾಯ್ತಿದೀನಿ ಅತ್ತೆ, ನೀವೊಬ್ರೇ ಅಲ್ಲ" ಎಂದಳು.

ನನಗೆ ಅಳು ಬರಲಿಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಯಾರದ್ದೋ ಕಾಲು ಅನ್ನಿಸುತ್ತದಲ್ಲ, ಈಗ ಇಡೀ ಮೈ ಹಾಗಿದೆ. ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ತಾಗಿ ಮಣಿಕಟ್ಟು ಸುಟ್ಟಿತು, ಚರ್ಮದ ವಾಸನೆ ಬಂದ ಮೇಲೆ ಗೊತ್ತಾಯಿತು. ಮಗ ಊಟಕ್ಕೆ ಕರೆದರೆ ತಿನ್ನುತ್ತೇನೆ, ರುಚಿ ಕೇಳಿದರೆ ಹೇಳಲಾರೆ. ಯಾರನ್ನಾದರೂ ಚೆನ್ನಾಗಿ ಬೈದರೆ ಸರಿಹೋಗುತ್ತದೆ ಎಂದುಕೊಂಡಿದ್ದೆ, ನನಗೆ ಅದು ಯಾವತ್ತೂ ಕೈಕೊಟ್ಟಿರಲಿಲ್ಲ. ಈ ಪತ್ರದಲ್ಲಿ ಬೈದು ನೋಡಿದೆ. ಏನೂ ಆಗಲಿಲ್ಲ.

ಹಾಗಾಗಿ ಈಗ ಬರೀ ಕೇಳುತ್ತೇನೆ. ಬೇರೆಯವರ ಮನೆಗೆ ರೋಗ ಬರಲಿ ಎಂದು ರೋಗಿಯ ಮನೆಯವರು ಕಾಯುವಂತೆ ಮಾಡುವ ನಿಯಮವನ್ನು ಯಾವ ಕಚೇರಿಯೂ ಇಟ್ಟುಕೊಳ್ಳಬಾರದು. ಅದನ್ನು ಹೊಡೆದುಹಾಕಿ. ಹೊಡೆದುಹಾಕಲು ಸಭೆ ಸೇರಬೇಕು, ಟಿಪ್ಪಣಿ ಓಡಾಡಬೇಕು ಎನ್ನುವುದಾದರೆ ಅದು ಆಮೇಲೆ ಆಗಲಿ. ಮೊದಲು ಮೂರು ಗುಳಿ ಖಾಲಿ ಇದ್ದ ಹಾಗೇ ಯಂತ್ರ ಹಾಕಿಸಿ. ಆ ತಟ್ಟೆಯಲ್ಲಿ ನಮ್ಮವಳೊಬ್ಬಳೇ ಇಲ್ಲ, ನಾನು ಕಾಣದ ಮನೆಗಳವರೂ ಇದ್ದಾರೆ, ಅವರೂ ಎಲ್ಲೋ ಕೂತು ಬರುವವರ ಹೊಟ್ಟೆ ನೋಡುತ್ತಿರಬೇಕು. ಔಷಧಿ ಹಿಡಿಯುತ್ತದೆ ಎಂದು ಬಂದರೆ ನಾಳೆಯೇ ಏರಿಸಿ. ಹಿಡಿಯುವುದಿಲ್ಲ ಎಂದು ಬಂದರೆ ಅದನ್ನೂ ನೇರವಾಗಿ ಅವಳಿಗೇ ಹೇಳಿ, ನನಗೆ ಹೇಳಿ ನನ್ನಿಂದ ಹೇಳಿಸಬೇಡಿ. ಹಾಗೆ ಬಂದರೆ ಸೂಜಿ ಸಾಕು, ಮನೆಗೆ ಹೋಗಿ ಮಗಳ ಪಕ್ಕ ಮಲಗುತ್ತೇನೆ ಎಂದು ಅವಳು ಮೊದಲೇ ಹೇಳಿಬಿಟ್ಟಿದ್ದಾಳೆ. ಅವಳ ದಿನ ಹೇಗೆ ಕಳೆಯಬೇಕು ಎಂಬುದು ಅವಳಿಗೆ ಗೊತ್ತು. ಅವು ಸೂಜಿಯ ದಿನಗಳೋ ಮನೆಯ ದಿನಗಳೋ ಎಂಬುದು ಮಾತ್ರ ನಿಮ್ಮ ಡ್ರಾಯರಿನಲ್ಲಿದೆ.

ಇಂತಿ,
ತಮ್ಮ ಕಚೇರಿಯ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿರುವ,
ಹೆಸರು ಹಿಡಿದು ಕೂಗಬೇಕಿಲ್ಲ, ಬಾಗಿಲು ತೆಗೆದರೆ ಸಾಕು, ಎದ್ದು ಬರುವ
ಒಬ್ಬ ಮುದುಕಿ