ಸದ್ದಿಲ್ಲದ ಕೋಣೆಗೆ ಐದು ಹಲಗಿ

ಸುರಪುರ
11 ನವೆಂಬರ್ 2024

ಮುರಿದ ಕತ್ತಿ, ತೂತುಬಿದ್ದ ಗುರಾಣಿ, ಒಡೆದ ಮಡಕೆಗಳ ಸಾರ್ವಭೌಮ, ಅವುಗಳ ಕೆಳಗೆ ತಾನೇ ಬರೆದು ಅಂಟಿಸಿದ ನಾಲ್ಕು ನೂರ ಹನ್ನೆರಡು ಚೀಟಿಗಳ ಏಕಚ್ಛತ್ರಾಧಿಪತಿ, ಶ್ರೀಮನ್ಮಹಾರಾಜ ಮರಿಲಿಂಗಣ್ಣನ ಪಾದಗಳಿಗೆ ತಮ್ಮ ಸಂಜೀವಕುಮಾರನ ದೀರ್ಘದಂಡ ನಮಸ್ಕಾರ.

ಆರೋಗ್ಯವೇ? ವಡಗೇರಾದ ಲಾಲಮ್ಮತ್ತೆ ರೊಟ್ಟಿ, ಪಲ್ಯ ಬೇರೆ ಬೇರೆ ತಟ್ಟೆಯಲ್ಲಿ ಕೊಡುತ್ತಾಳೋ, ಇಲ್ಲ ಒಂದಕ್ಕೊಂದು ತಾಗಿಸಿ ನಿನ್ನನ್ನು ಉಪವಾಸ ಕೆಡವಿದ್ದಾಳೋ? ಫೋನು ಕಿವಿಗಿಟ್ಟರೆ ನೀನು ಉಸಿರೆತ್ತುವುದಿಲ್ಲ, ಕಾಗದವಾದರೆ ಮೂರು ಸಲ ಓದುತ್ತೀ. ಅದಕ್ಕೇ ಈ ರಾಜಪತ್ರ.

ನಿನ್ನ ಮ್ಯೂಸಿಯಂ ಕ್ಷೇಮ. 'ಆಟಿಸಂ ಇರುವವರಿಗೆ ಸ್ವಾಗತ, ನೋಡಲೂ ದುಡಿಯಲೂ' ಎಂಬ ಬೋರ್ಡು ಬಾಗಿಲಲ್ಲಿ ಹಾಗೇ ಇದೆ. ಆಟಿಸಂ ಇದ್ದ ಒಬ್ಬನೇ ನೌಕರನಾದ ನೀನು ಮಾತ್ರ ಅಲ್ಲಿಲ್ಲ, ಅಷ್ಟೆ. ನಿಮ್ಮಂಥವರಿಗಾಗಿ ಕಟ್ಟಿಸಿದ ಸದ್ದಿಲ್ಲದ ಕೋಣೆಯೂ ಇದೆ. ಅದರ ಉದ್ಘಾಟನೆಗೇ ಅಲ್ಲವೇ ದೇವಾಪುರದ ಐದು ಹಲಗಿ ವಾದ್ಯದವರು ಬಂದು ನಿನ್ನ ಕಿವಿಯ ಪಕ್ಕದಲ್ಲೇ ಸ್ವಾಗತ ಬಾರಿಸಿದ್ದು. ನೀನು ಕಿವಿ ಮುಚ್ಚಿಕೊಂಡು, ಮುಖ್ಯ ಅತಿಥಿಯನ್ನು ಹಾರಸಮೇತ ಕೆಡವಿ, ಕತ್ತಿಗಳ ಕಪಾಟಿನ ಹಿಂದೆ ಸೇರಿಕೊಂಡೆ. ಜನ ಫೋನು ಹಿಡಿದು ನಕ್ಕರು. ಟ್ರಸ್ಟಿನ ಅಧ್ಯಕ್ಷ ಅಮಾತೆಪ್ಪನವರು, "ಸ್ವಾಗತ ಅಂದಮ್ಯಾಗ ಹಲಗಿ ಇರಬೇಕಲ್ಲ, ಹಿಂಗ್ಯಾಕ ಅಂಜ್ತಾನ ಇಂವ? ಮನಿಗಿ ಕರ್ಕೊಂಡು ಹೋಗ್ರಿ, ನಾಳಿಂದ ಬರೂದು ಬ್ಯಾಡ" ಎಂದರು. ನೀನು ಕಪಾಟಿನ ಹಿಂದಿನಿಂದ ಚೀಟಿಗಳ ಸಂಖ್ಯೆಯನ್ನು ಒಂದರಿಂದ ಒಪ್ಪಿಸುತ್ತಲೇ ಇದ್ದೆ. ಇನ್ನೂರಕ್ಕೆ ಬಂದಾಗ ಅಪ್ಪ ಎಳೆದೊಯ್ದು, ಮರುದಿನವೇ ಅತ್ತೆಯ ಮನೆಗೆ ಬಿಟ್ಟುಬಂದ.

ಈಗ ಸುದ್ದಿ. ನಿನ್ನ ಮೇಲ್ವಿಚಾರಕಿ ಸುಮಂಗಲಾ ಮೇಡಂ ಈ ಶನಿವಾರ ವಿಚಾರಣೆ ಇಡಿಸಿದ್ದಾರೆ. "ಹಲಗಿ ಬ್ಯಾಡಂತ ನಾ ಬರ್ದು ಕೊಟ್ಟಿದ್ನಿ. ಯಾರು ಕರ್ಸಿದ್ರು ಅಂತ ಒಂದ್ಸಲ ಗೊತ್ತಾಗ್ಲಿ, ಮರಿಲಿಂಗನ ಕುರ್ಚಿ ಮರಿಲಿಂಗಗ. ಅವನ್ನ ಕರ್ಕೊಂಡು ಬಾ" ಎಂದಿದ್ದಾರೆ. ಅವರ ಮಾತು ತಲುಪಿಸಿದ್ದೇನೆ. ಆದರೂ ತಮ್ಮನಾಗಿ ವಿಜ್ಞಾಪಿಸುತ್ತೇನೆ, ಬರಬೇಡ. ಶಹಾಪುರದಲ್ಲಿ ಬಸ್ಸು ಬದಲಿಸಬೇಕು, ಅಲ್ಲಿನ ಹಾರ್ನ್ ಸದ್ದು ನಿನಗಾಗದು. ಇಲ್ಲಿ ಹನ್ನೊಂದು ಜನ ಸಾಲಾಗಿ ಕೂತು ಪ್ರಶ್ನೆ ಕೇಳುತ್ತಾರೆ. ಎಲ್ಲರೂ ನಿನ್ನ ಕಣ್ಣನ್ನೇ ನೋಡುತ್ತಾರೆ. ನಿನ್ನ ಕುರ್ಚಿ ತಣ್ಣಗಾಗದಂತೆ ಸದ್ಯ ನಾನೇ ಕೂತಿದ್ದೇನೆ. ಎರಡು ಮೂರು ಚೀಟಿ ಅದಲುಬದಲಾಗಿವೆ, ಸಾರ್ವಭೌಮರು ಕ್ಷಮಿಸಬೇಕು.

ಅತ್ತೆಗೆ ನಮಸ್ಕಾರ, ಅವಳ ಮೇಕೆಗೆ ಆಶೀರ್ವಾದ.

ನಿನ್ನ ಆಜ್ಞಾಧಾರಕ,
ಸಂಜೀವ

ವಿ.ಸೂ.: ಕಾಗದ ಒಯ್ಯುವ ಕಂಡಕ್ಟರ್ ಸೀಟಿ ಊದುತ್ತಿದ್ದಾನೆ. ಹಲಗಿಯವರನ್ನು ಕರೆತಂದವನು ನಾನೇ. ನೀನು ಕಿವಿ ಮುಚ್ಚಿಕೊಳ್ಳುವುದನ್ನು ನೋಡಿ ನಗೋಣವೆಂದು. ಗೇಟಿನಲ್ಲಿ ಅವರ ಜೊತೆ ನಿಂತಿದ್ದ ನನ್ನನ್ನು ನೀನು ನೋಡಿದ್ದೆ. ಯಾರೂ ಕೇಳಲಿಲ್ಲ, ನೀನು ಹೇಳಲಿಲ್ಲ. ಶನಿವಾರ ಕೇಳುತ್ತಾರೆ.