ಎಸೆಯದೇ ಉಳಿದ ಮೂಲೆ

೧೨ ಮಾರ್ಚ್, ಭಾನುವಾರ ಬೆಳಗ್ಗೆ

ಪ್ರೀತಿಯ ಅಕ್ಕಾ,

ನಾವಿಲ್ಲಿ ಚೆನ್ನಾಗಿದ್ದೇವೆ. ನೀನೂ, ನಿನ್ನ ಹೊಲಿಗೆ ಅಂಗಡಿಯೂ, ಆ ಮಾತಿನ ಮಲ್ಲಿ ಮಗಳೂ ಸುಖವಾಗಿದ್ದೀರೆಂದುಕೊಂಡಿದ್ದೇನೆ. ಎರಡು ತಿಂಗಳಿಂದ ಕಾಗದ ಬರೆದಿಲ್ಲ, ಬೈದುಕೊಂಡಿರುತ್ತೀಯ. ಹೆಬ್ಬೆರಳು ಉಳುಕಿತ್ತು ಎಂಬುದು ಅರ್ಧ ನಿಜ, ಉಳಿದರ್ಧ ಸೋಮಾರಿತನ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ಅದನ್ನು ಬಲಗಿವಿಗೆ ಬದಲಾಯಿಸಿಕೊಳ್ಳುವಷ್ಟರಲ್ಲಿ ನನ್ನ ಧೈರ್ಯ ಉಡುಗಿಹೋಗುತ್ತದೆ.

ಹೋದ ವಾರ ದೇಶದ ಪರವಾಗಿ ನನ್ನ ಕೊನೆಯ ಹ್ಯಾಂಡ್‌ಬಾಲ್ ಪಂದ್ಯ ಆಡಿದೆ. ಹದಿನಾಲ್ಕು ವರ್ಷ! ಒಂದೇ ಗೋಲಿನಿಂದ ಗೆದ್ದೆವು. ನನಗೊಂದು ಪೆನಾಲ್ಟಿ ಸಿಕ್ಕಿತ್ತು: ಏಳು ಮೀಟರ್ ದೂರದಲ್ಲಿ ಗೋಲ್‌ಕೀಪರ್ ಎದುರು ನಾನೊಬ್ಬಳೇ. ಕೆಳಗೆ ಎಸೆದೆ, ಅವಳು ಕಾಯುತ್ತಿದ್ದವಳಂತೆ ಕಾಲು ಚಾಚಿ ತಡೆದಳು. ಗೋಲ್‌ಕೀಪರ್‌ನ ಎಡಗಿವಿಯ ಪಕ್ಕದ ಮೇಲಿನ ಮೂಲೆಗೆ ನಾನು ಎಸೆಯುವುದೇ ಇಲ್ಲವೆಂಬುದು ಎದುರಾಳಿಗಳಿಗೆಲ್ಲ ಬಾಯಿಪಾಠ. ಕೋಚ್ ತಲೆ ಚಚ್ಚಿಕೊಂಡರು. "ಅಲ್ಲಮ್ಮಾ, ಕೊನೇ ದಿನಾನಾದ್ರೂ ಆ ಮೂಲೆಗೆ ಎಸೀಬಾರ್ದಾ? ಅಲ್ಲೇನು ನಿಮ್ಮತ್ತೆ ಕೂತಿದಾರಾ?" ಹುಡುಗಿಯರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ನನ್ನನ್ನು ಹೆಗಲ ಮೇಲೆ ಹೊತ್ತು ಅಂಗಣವೆಲ್ಲ ಸುತ್ತಿದರು.

ಈಗ ಮಂಡಿಗೆ ಐಸ್ ಇಟ್ಟುಕೊಳ್ಳದೆಯೇ ಬೆಳಗಾಗುತ್ತದೆ, ಹಾಯೆನಿಸುತ್ತದೆ. ಚೆಂಡು ಜಾರದಿರಲೆಂದು ಬೆರಳಿಗೆ ಹಚ್ಚುತ್ತಿದ್ದ ಅಂಟು ಮನೆಯ ಚಿಲಕಗಳಿಗೆಲ್ಲ ಮೆತ್ತಿರುತ್ತಿತ್ತಲ್ಲ, ಅದನ್ನೂ ಉಜ್ಜಿ ತೆಗೆದೆ. ನಮ್ಮ ಮನೆಯವರು ಮಾತ್ರ, "ಚಿಲಕ ಕೈಗೆ ಅಂಟದಿದ್ರೆ ಯಾರದೋ ಮನೆಗೆ ಬಂದ ಹಾಗಿದೆ ಕಣೇ" ಎಂದು ಗೊಣಗುತ್ತಾರೆ.

ಮುಖ್ಯ ವಿಷಯಕ್ಕೆ ಬರುತ್ತೇನೆ. ಶಾಲೆಯೊಂದರಲ್ಲಿ ಹುಡುಗಿಯರಿಗೆ ಆಟ ಕಲಿಸುವ ಕೆಲಸ ಸಿಕ್ಕಿದೆ. ಎಸೆಯುವುದನ್ನು ಕಲಿಸಬಲ್ಲೆ, ತಡೆಯುವುದು ನನಗೆ ಬಾರದು. ಗೋಲ್‌ಕೀಪರ್‌ಗಳನ್ನು ತಯಾರು ಮಾಡಲು ನಿನ್ನ ಹೆಸರು ಹೇಳಿಬಿಟ್ಟಿದ್ದೇನೆ. "ಬಿಟ್ಟು ಅಷ್ಟು ವರ್ಷ ಆಯ್ತು, ನನ್ ಕೈಲೆಲ್ಲಿ ಆಗುತ್ತೆ" ಅನ್ನಬೇಡ. ಮೇಜಿನಿಂದ ದಾರದುಂಡೆ ಬಿದ್ದರೆ "ಅಮ್ಮ ಈಗ್ಲೂ ಕಾಲಲ್ಲೇ ತಡೀತಾಳೆ ಚಿಕ್ಕಮ್ಮ" ಎಂದು ನಿನ್ನ ಮಗಳು ಚಾಡಿ ಹೇಳಿದ್ದಾಳೆ. ವಾರಕ್ಕೆ ಎರಡು ಸಂಜೆ ಸಾಕು. ಬರುತ್ತೀಯಾ? ನೀನು ಪಕ್ಕದಲ್ಲಿದ್ದರೆ ನನಗೆ ಇನ್ನೇನೂ ಬೇಡ.

ಮಗಳು ಚೆನ್ನಾಗಿ ಓದಲಿ, ಅದಕ್ಕಿಂತ ಚೆನ್ನಾಗಿ ಆಡಲಿ. ನಿನ್ನನ್ನು ಹರಸುವಷ್ಟು ದೊಡ್ಡವಳಲ್ಲ ನಾನು. ನೀನೇ ನನ್ನನ್ನು ಹರಸು.

ನಿನ್ನ ತಂಗಿ,
ಎಡಚಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ತಂಡದ ಆಯ್ಕೆಯ ದಿನ ನನ್ನ ಚೆಂಡು ನಿನ್ನ ಎಡಗಿವಿಗೆ ಬಡಿಯಿತು. ನಾನು ತಂಡಕ್ಕೆ ಹೋದೆ, ನೀನು ಆಸ್ಪತ್ರೆಗೆ. "ನಾನೇ ಮುಖ ತಿರುಗಿಸಿದೆ, ಅವಳದೇನೂ ತಪ್ಪಿಲ್ಲ" ಎಂದು ಇಂದಿಗೂ ಎಲ್ಲರಿಗೂ ಹೇಳುತ್ತೀಯ. ಅಕ್ಕಾ, ನೀನು ತಿರುಗಿದ್ದು ಸೀಟಿ ಊದಿದ್ದರಿಂದ. ಆ ಸೀಟಿ ನನಗೂ ಕೇಳಿಸಿತ್ತು. ಆಯ್ಕೆಗಾರರ ಕಣ್ಣೆದುರು ನನ್ನ ನಾಲ್ಕು ಚೆಂಡು ಒಂದರ ಹಿಂದೊಂದು ತಡೆದಿದ್ದೆ ನೀನು. ಹೊಟ್ಟೆ ಉರಿದು ಐದನೆಯದನ್ನು ಎಸೆದೆ, ಆ ಮೂಲೆಗೆ. ಇದನ್ನು ಓದಿಯೂ ಬರಬೇಕೆನಿಸಿದರೆ ಬಾ. ಬರದಿದ್ದರೆ ಕಾರಣ ಕೇಳುವುದಿಲ್ಲ. ಹುಡುಗಿಯರಿಗೆ ಮೊದಲ ದಿನ ಕಲಿಸುವುದು ಇಷ್ಟೇ: ಸೀಟಿ ಕೇಳಿದ ಕೂಡಲೇ ಚೆಂಡನ್ನು ನೆಲಕ್ಕಿಡಬೇಕು.